ಎಡಗಡೆಯ ಸ್ಕ್ರೂ

ಕಂಪ್ಲಿಯ ರೈಸ್ ಮಿಲ್ ಮಾಲೀಕ ಮರುಳಸಿದ್ದಪ್ಪನಿಗೆ ಊಟಕ್ಕಿಂತ ರುಚಿಯಾದದ್ದು ಇನ್ನೊಬ್ಬರ ತಪ್ಪು. ಹಮಾಲರು ಒಟ್ಟಿದ ಭತ್ತದ ಚೀಲ ಸೊಟ್ಟಗಿದೆ ಎಂದು ತೋರಿಸಲು ಹತ್ತಿದವನು, ಮೇಲಿಂದ ಜಾರಿ ಸಿಮೆಂಟ್ ನೆಲಕ್ಕೆ ಕುಕ್ಕರಿಸಿದ. ಟೊಂಕದ ಕೆಳಗಿನ ತ್ರಿಕೋನ ಮೂಳೆ ಚೂರಾಯಿತು, ಎಡಗಾಲು ಮರಗಟ್ಟಿತು. ಜಟ್ಟಿ ಬಿದ್ದರೂ ಮೀಸೆ ಮಾತ್ರ ಮಣ್ಣಾಗಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಗಾಯತ್ರಿ ಸ್ಕ್ಯಾನ್ ಚಿತ್ರ ತೋರಿಸಿದರು. ಬೆನ್ನುಮೂಳೆಗೂ ಸೊಂಟಕ್ಕೂ ಸಂಬಂಧ ಕಡಿದುಹೋಗಿತ್ತು. ಎರಡಕ್ಕೂ ಸ್ಕ್ರೂ ಹಾಕಿ, ಎರಡೂ ಪಕ್ಕ ಸರಳು ಕೊಟ್ಟು ಬಿಗಿಯಬೇಕು, ಅಡ್ಡಲಾಗಿ ಒಂದು ಉದ್ದನೆಯ ಸ್ಕ್ರೂ ಕೂರಿಸಬೇಕು, ಎಡಗಡೆ ನರ ಒತ್ತುತ್ತಿರುವ ಚೂರನ್ನು ಬಿಡಿಸಬೇಕು. ತಡವಾದರೆ ಕಾಲೂ ಬರುವುದಿಲ್ಲ, ಮೂತ್ರದ ಹಿಡಿತವೂ ಉಳಿಯುವುದಿಲ್ಲ ಎಂದರು.

ಚಿತ್ರದಲ್ಲಿ ಆ ಚೂರು ಕಂಡದ್ದು ಮರುಳಸಿದ್ದಪ್ಪನ ಬಲಗೈ ಕಡೆ. ಅವನಿಗೆ ತಪ್ಪು ಸಿಕ್ಕಿಬಿಟ್ಟಿತು.

"ಮೇಡಂ, ಸತ್ತಿರೋದು ನನ್ನ ಎಡಗಾಲು. ನೀವು ಬಲಕ್ಕ ತೋರ್ಸಾಕತ್ತೀರಿ. ಎಡ-ಬಲ ಗೊತ್ತಿಲ್ದೋರ ಕೈಲೆ ನಾ ಸ್ಕ್ರೂ ಹಾಕಿಸ್ಕೊಳ್ಳಂಗಿಲ್ಲ!"

"ಚಿತ್ರದಾಗ ನೀವು ನಮ್ಮ ಕಡೆ ಮುಖ ಮಾಡಿರ್ತೀರಿ, ಯಜಮಾನ್ರೆ."

"ನಾ ಇಲ್ಲಿ ಅಂಗಾತ ಬಿದ್ದೀನಿ. ಯಾರ ಕಡಿಗೂ ಮುಖ ಮಾಡಿಲ್ಲ."

ಡಾಕ್ಟರು ಸೋತು, ಒಪ್ಪಿಗೆ ಸಿಕ್ಕರೆ ಕರೆಯಿರಿ ಎಂದು ಹೆಂಡತಿ ಪಂಪಮ್ಮನಿಗೆ ಹೇಳಿ ಹೋದರು. ಪಂಪಮ್ಮನಿಗೆ ಭಯವಾಯಿತು. ಈ ಹಟದಲ್ಲೇ ಗಂಡ ಹಾಸಿಗೆ ಹಿಡಿಯುತ್ತಾನಲ್ಲ ಎಂದು ಕಣ್ಣು ತುಂಬಿತು. ಅತ್ತರೆ ಅದರಲ್ಲೂ ತಪ್ಪು ಹುಡುಕುವ ಗಂಡ. ಕಣ್ಣೊರೆಸಿಕೊಂಡಳು.

"ಗುಡ್ಯಾಗ ಹೂ ಕೇಳ್ತೀವಲ್ರಿ, ದೇವ್ರ ಮ್ಯಾಲಿಂದ ಬಲಕ್ಕ ಬಿದ್ರ ಹೂಂ, ಎಡಕ್ಕ ಬಿದ್ರ ಬ್ಯಾಡ. ಅದು ಯಾರ ಬಲ?"

"ಯಾರ್ದು ಅಂದ್ರ? ಕೇಳೋರ್ದು."

"ಅಲ್ರಿ. ಹೂ ಕೊಡೋದು ದೇವ್ರು, ಬಲಾನೂ ದೇವ್ರದ. ಪೂಜಾರಿ ಮಾರೆಪ್ಪನ್ನ ಬೇಕಾದ್ರ ಕೇಳ್ರಿ. ದೇವ್ರು ನಮ್ಮ ಕಡೆ ಮುಖ ಮಾಡಿ ಕುಂತಾನ, ಆತನ ಬಲ ನಮಗ ಎಡಕ್ಕ ಬರ್ತೈತಿ. ಆ ಫೋಟೊದಾಗ ನೀವೂ ಹಂಗ."

ಮರುಳಸಿದ್ದಪ್ಪ ತನ್ನ ಎರಡೂ ಕೈ ಎತ್ತಿ ನೋಡಿಕೊಂಡ, ಚಿತ್ರ ನೋಡಿದ. ಡಾಕ್ಟರಿಗೆ ಸೋಲುವುದು ಕಷ್ಟವಿತ್ತು, ದೇವರಿಗೆ ಸೋಲುವುದು ಅಷ್ಟು ಕಷ್ಟವಲ್ಲ.

"ಹೂಂ, ಕರಿ ಅವರ್ನ," ಎಂದ. ಪಂಪಮ್ಮನಿಗೆ ಹೋದ ಜೀವ ಬಂದಂತಾಯಿತು.

ಅವಳು ಬಾಗಿಲು ದಾಟುವಷ್ಟರಲ್ಲಿ ಅವನ ಮುಖ ಬಿಳಿಚಿಕೊಂಡಿತು.

"ಲೇ ಪಂಪೀ, ನಿಂದ್ರು! ನಿನ್ನ ಮದಿವ್ಯಾಗ್ಲೋ ಬ್ಯಾಡೋ ಅಂತ ಹೂ ಕೇಳಿದ್ನಲ್ಲ, ಅದು ಬಿದ್ದದ್ದು ನನ್ನ ಬಲಕ್ಕ, ದೇವ್ರ ಎಡಕ್ಕ!"

"ಗೊತ್ತೈತ್ರಿ. ಕಂಬದ ಹಿಂದ ನಿಂತು ನೋಡಿದ್ದೆ," ಎಂದಳು ಪಂಪಮ್ಮ. "ನನಗ ನೀವ ಬೇಕಾಗಿತ್ತು. ಬಾಯಿ ಮುಚ್ಕೊಂಡು ಮನಿಗೆ ಹೋದೆ."