ನೆರಳಿಗೇಕೆ ಹಸಿರು

ಉಗುರಿನ ಸಂದಿಯ ಹಸಿರು ಏನು ಮಾಡಿದರೂ ಬಿಡುತ್ತಿರಲಿಲ್ಲ. ಮಗಳು ಒದ್ದೆ ಹತ್ತಿಯಿಂದ ಅಪ್ಪನ ಬಲಗೈ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ತಲೆಯ ಕಡೆ ಕುಳಿತ ಕ್ಷೌರಿಕ ಅಷ್ಟೇ ನಿಧಾನವಾಗಿ ಗಡ್ಡ ಹೆರೆಯುತ್ತಿದ್ದ. ಬಹಳ ವರ್ಷಗಳಿಂದ ಇದೇ ಗಲ್ಲಕ್ಕೆ ಕತ್ತಿ ಆಡಿಸಿದವನು. ಇವತ್ತೂ ಅಭ್ಯಾಸಬಲದಿಂದ "ಸ್ವಲ್ಪ ತಲೆ ಎತ್ತಿ" ಎಂದುಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡ.

"ಬಿಟ್ಬಿಡಮ್ಮ ಅದನ್ನ," ಎಂದ. "ನಾನೂ ಎಷ್ಟೋ ಸಲ ಸೋಪು ಹಾಕಿ ತಿಕ್ಕಿ ನೋಡಿದೀನಿ. ಅದು ಅವರ ಜೊತೇಲೇ ಹೋಗೋ ಬಣ್ಣ."

"ಇಷ್ಟೊಂದು ಹಸಿರು ಯಾಕೆ ಅಂತ ಯಾವತ್ತಾದ್ರೂ ಕೇಳಿದ್ರಾ?"

"ಕೇಳ್ದೆ ಇರ್ತೀನಾ? ನಮ್ಮಂಗಡೀಲಿ ಅವರ ಕಾಮಿಕ್ಸ್ ಕೈಗೆ ಕೊಡದೆ ಇದ್ರೆ ಒಂದು ಮಗೂನೂ ತಲೆ ಬಗ್ಗಿಸಲ್ಲ." ಅವನು ದನಿ ತಗ್ಗಿಸಿದ. "ಯಾರಿಗೂ ಹೇಳ್ಬೇಡ ಅಂದಿದ್ರು. ಈಗ ಹೇಳಿದ್ರೆ ಬೈಯೋಕೆ ಅವರೇ ಇಲ್ಲ. ಬಣ್ಣದ ಅಂಗಡಿಯವನು ಒಂದ್ಸಲ ತಪ್ಪಿ, ಪೆಟ್ಟಿಗೆ ತುಂಬ ಬರೀ ಹಸಿರೇ ಕಳಿಸಿಬಿಟ್ನಂತೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ, ನೆರಳಿಗೆಲ್ಲ ಹಚ್ಚಿ ಹಚ್ಚಿ ಖಾಲಿ ಮಾಡ್ತಿದೀನಿ ಅಂದ್ರು."

ಮಗಳ ಕೈ ಅಲ್ಲಿಗೇ ನಿಂತಿತು.

ಅಪ್ಪ ಮಕ್ಕಳ ವಾರಪತ್ರಿಕೆಗೆ ಜೀವಮಾನವಿಡೀ ಕಾಮಿಕ್ಸ್ ಬರೆದವನು. ಅವನ ಪುಟವನ್ನು ಹತ್ತು ಮಾರು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಮನುಷ್ಯರ ಹೊರಗೆರೆ ಹಗ್ಗದಷ್ಟು ದಪ್ಪ. ಒಳಗಿನ ಕಣ್ಣು, ಮೂಗು, ಅಂಗಿಯ ಸುಕ್ಕು ಕೂದಲೆಳೆಯಷ್ಟು ಸಣ್ಣ. ಬಣ್ಣ ಎಂದೂ ಗೆರೆಯನ್ನು ಮುಟ್ಟುತ್ತಿರಲಿಲ್ಲ, ನಡುವೆ ಒಂದು ಬಿಳಿ ಎಳೆ ಉಳಿಯುತ್ತಿತ್ತು. ಹಾಗಾಗಿ ಅವನ ರಾಜರು, ಕಳ್ಳರು, ಕತ್ತೆಗಳು ಎಲ್ಲರೂ ಈಗ ತಾನೇ ಹೊದಿಕೆ ಸರಿಸಿ ಎದ್ದು ಬಂದಂತೆ ಕಾಣುತ್ತಿದ್ದರು. ಎಲ್ಲಕ್ಕಿಂತ ವಿಚಿತ್ರ ಆ ನೆರಳು. ಲೋಕವೆಲ್ಲ ನೆರಳಿಗೆ ಕಪ್ಪು ಬಳಿದರೆ ಇವನದು ಹಸಿರು. ಎಲೆ ಹಸಿರಲ್ಲ, ಗಿಳಿ ಹಸಿರಲ್ಲ, ಪಾಚಿಯ ಬಣ್ಣವೂ ಅಲ್ಲ. ಮಗಳು ಹೊಲಿಗೆ ಅಂಗಡಿ ಇಟ್ಟವಳು. ಯಾವ ಬಟ್ಟೆ ಕೊಟ್ಟರೂ ಒಪ್ಪುವ ದಾರವನ್ನು ಕಣ್ಣು ಮುಚ್ಚಿ ತೆಗೆಯುವವಳು. ಅಪ್ಪನ ಹಸಿರಿಗೆ ಹೊಂದುವ ದಾರ ಮಾತ್ರ ಅವಳಿಗೆ ಇನ್ನೂ ಸಿಕ್ಕಿರಲಿಲ್ಲ.

ಕ್ಷೌರಿಕನ ಮಾತು ಅವಳಿಗೆ ಚುಚ್ಚಿದ್ದು ಬೇರೆ ಕಾರಣಕ್ಕೆ. ಅಪ್ಪ ಅವಳಿಗೆ ಹೇಳಿದ್ದೇ ಬೇರೆ. ಅದನ್ನೂ ಯಾರಿಗೂ ಹೇಳಬೇಡ ಎಂದೇ ಹೇಳಿದ್ದ.

*

ಅಮ್ಮ ತೀರಿಕೊಂಡಾಗ ಅವಳಿಗಿನ್ನೂ ಹಾಲುಹಲ್ಲು. ಚಿಕ್ಕಮ್ಮ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿದಳು. ಭಾನುವಾರ ಬೆಳಿಗ್ಗೆ ಅಪ್ಪನ ಮನೆ, ಬಿಸಿಲು ಇಳಿಯುವುದರೊಳಗೆ ವಾಪಸು. ದೀಪ ಹಚ್ಚುವ ಹೊತ್ತಾದರೆ ಅಪ್ಪ ತನ್ನ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದ. ಅದೇ ಅವನು ಬಣ್ಣ ಹಚ್ಚುವ ಸಮಯ. ಆಮೇಲೆ ಮೇಲಿನವನೇ ಇಳಿದು ಬಂದು ಕರೆದರೂ ಬಾಗಿಲು ತೆರೆಯುತ್ತಿರಲಿಲ್ಲ.

ಅಂಥ ಒಂದು ಭಾನುವಾರ, ಹೊರಡಲು ಚಪ್ಪಲಿ ಮೆಟ್ಟಿಕೊಂಡವಳು ಹೊಸ್ತಿಲಲ್ಲೇ ತಿರುಗಿ ಕೇಳಿದ್ದಳು. "ಅಪ್ಪಾ, ನೆರಳಿಗೆ ಯಾಕೆ ಹಸಿರು?"

ಯಾವುದಕ್ಕೂ ತಮಾಷೆ ಮಾಡದೆ ಬಿಡದ ಮನುಷ್ಯ ಅವತ್ತು ನಗಲಿಲ್ಲ. ಕುಂಚವನ್ನು ನೀರಿನಲ್ಲಿ ಅದ್ದಿ, ಅದು ಬಣ್ಣ ಬಿಡುವುದನ್ನೇ ನೋಡುತ್ತ ನಿಂತ.

"ಆ ಬಣ್ಣ ನಂದಲ್ಲ ಪುಟ್ಟಿ. ನಿಮ್ಮಮ್ಮ ತೋರಿಸಿಕೊಟ್ಟಿದ್ದು. ಯಾರಿಗೂ ಹೇಳ್ಬೇಡ."

ಅಮ್ಮನಿಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುತ್ತಿರಲಿಲ್ಲವೆಂದು ಚಿಕ್ಕಮ್ಮ ಹೇಳುತ್ತಿದ್ದಳು. ಆದರೂ ಹುಡುಗಿ ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡಳು. ಅವಳಿಗೆ ಅಮ್ಮನ ನೆನಪೇ ಇಲ್ಲ. ಮುಖ ಫೋಟೋದಲ್ಲಿ ಕಂಡದ್ದು, ದನಿಗೆ ಅದೂ ಇಲ್ಲ. ಆ ಮನೆಯಲ್ಲಿದ್ದ ದಿನಗಳಿಂದ ಉಳಿದದ್ದು ಒಂದೇ ಒಂದು ಚಿತ್ರ: ಒಂದು ಹಸಿರು ಮೊಲ, ಒಂದು ಕಿವಿಯನ್ನು ಮಾತ್ರ ಮಡಚಿ ಬಿಚ್ಚುತ್ತಿದ್ದದ್ದು. ಅಪ್ಪನ ಯಾವುದೋ ಪುಟದಲ್ಲಿ ನೋಡಿರಬೇಕೆಂದು ಹಳೆಯ ಸಂಚಿಕೆಗಳನ್ನೆಲ್ಲ ಜಾಲಾಡಿದ್ದಳು. ಆನೆಯಿತ್ತು, ಒಂಟೆಯಿತ್ತು, ಕನ್ನಡಕ ಹಾಕಿದ ಕತ್ತೆಯೂ ಇತ್ತು. ಮೊಲ ಇರಲಿಲ್ಲ.

*

ಗಾಡಿ ಬರುವುದು ತಡವಾಯಿತು. ನಡುಮನೆಯಲ್ಲಿ ಅಪ್ಪನ ಸುತ್ತ ಕುಳಿತವರ ಮಾತು ಅಳುವಿನಿಂದ ಕೆಮ್ಮಿಗೆ, ಕೆಮ್ಮಿನಿಂದ ಹಳೆಯ ಕತೆಗಳಿಗೆ ಹೊರಳಿತ್ತು. ವಾರಪತ್ರಿಕೆಯ ಮುದಿ ಸಂಪಾದಕರು ಕನ್ನಡಕ ಒರೆಸಿಕೊಂಡರು.

"ಒಂದ್ಸಲ ಜಗಳಾನೇ ಆಗಿತ್ತು ನನಗೂ ಇವರಿಗೂ. ಕಾಡಿನ ಪುಟ. ಆಕಾಶದಲ್ಲಿ ಒಬ್ಬನೇ ಚಂದ್ರ, ಕೆಳಗೆ ಕಳ್ಳನಿಗೆ ಎರಡು ನೆರಳು! ಒಂದು ಹಸಿರು, ಇನ್ನೊಂದು ಮಬ್ಬು ಕೆಂಪು. ಇದು ಯಾವ ಲೋಕದ ನ್ಯಾಯ ಸ್ವಾಮಿ ಅಂದೆ. ನನ್ನ ಲೋಕದ್ದು ಅಂದ್ರು. ಆದ್ರೆ ಆ ಪುಟ ನೋಡಿ, ಈಗ್ಲೂ ಕಣ್ಣು ಕೀಳೋಕಾಗಲ್ಲ."

"ಹಸಿರು ಯಾಕೆ ಅಂತ ನಿಮಗೇನು ಹೇಳಿದ್ರು?" ಮಗಳು ಕೇಳಿದಳು.

"ಕಪ್ಪು ನೆರಳು ಕಂಡ್ರೆ ಮಕ್ಕಳು ಕನಸಲ್ಲಿ ಬೆಚ್ಚಿಬೀಳ್ತಾವೆ ಅಂತ. ಅದನ್ನೇ ಎಷ್ಟು ಸಭೆಗಳಲ್ಲಿ ಹೇಳಿ ಚಪ್ಪಾಳೆ ತಗೊಂಡಿದೀನಿ!"

"ಏನು, ಮಕ್ಕಳು ಬೆಚ್ಚಿಬೀಳ್ತಾವಾ?" ಚಿಕ್ಕಮ್ಮ ಸೆರಗು ಬಾಯಿಂದ ತೆಗೆದಳು. "ಭಾವ ನನಗೆ ಬಣ್ಣಗುರುಡು ಅಂದಿದ್ರು! ಹಸಿರೂ ಕಪ್ಪೂ ಒಂದೇ ಥರ ಕಾಣತ್ತೆ, ಹೊರಗೆ ಗೊತ್ತಾದ್ರೆ ಹೊಟ್ಟೆಪಾಡು ಹೋಗತ್ತೆ ಅಂತ. ಪಾಪ ಅಂತ ಅವರ ಅಂಗಿಗಳನ್ನೆಲ್ಲ ನಾನೇ ಆರಿಸಿ ತರ್ತಿದ್ದೆ."

"ಓ, ಅದಕ್ಕೇ ಆ ಅಂಗಿಗಳು…" ಎಂದ ಕ್ಷೌರಿಕ ಅರ್ಧಕ್ಕೇ ನುಂಗಿಕೊಂಡ. ಆಮೇಲೆ ತನ್ನ ಪೆಟ್ಟಿಗೆಯ ಕತೆಯನ್ನೂ ಹೊರಗೆ ಹಾಕಿದ.

"ಎಲ್ಲರ ಕಿವಿಗೂ ಒಂದೊಂದು ಹೂ ಇಟ್ಟು ಹೋದ್ರಲ್ಲಪ್ಪ," ಎಂದು ಸಂಪಾದಕರು ನಕ್ಕರು. ಸಾವಿನ ಮನೆಯೆಂಬುದನ್ನೂ ಮರೆತು ಎಲ್ಲರೂ ನಕ್ಕರು. ಮಲಗಿದ್ದವನ ನುಣ್ಣನೆ ಮುಖದಲ್ಲೂ ನಗೆ ಇದ್ದಂತೆಯೇ ತೋರಿತು.

"ನಿನಗೇನು ಹೇಳಿದ್ರೇ ಪುಟ್ಟಿ?" ಚಿಕ್ಕಮ್ಮ ಕೇಳಿದಳು.

"ನನಗೇನೂ ಹೇಳ್ಲಿಲ್ಲ."

ಹೇಳಿದರೆ ಅದಕ್ಕೂ ನಗುತ್ತಾರೆ. ಅಮ್ಮನದೆಂದು ಅವಳಿಗಿದ್ದದ್ದು ಅದೊಂದೇ ಮಾತು. ಅದೂ ಅಂಗಡಿ ಪೆಟ್ಟಿಗೆ, ಬಣ್ಣಗುರುಡುಗಳ ಸಾಲಿಗೆ ಸೇರಿಬಿಟ್ಟರೆ ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವನ ಮೇಲೆ ಸಿಟ್ಟಾದೆನಲ್ಲ ಎಂದು ಅಳುವೂ ಬಂತು. ಅದನ್ನು ಮರೆಸಲು ಬಾಯಿಗೆ ಬಂದದ್ದನ್ನು ಕೇಳಿದಳು. "ಅಪ್ಪ ಯಾವತ್ತಾದ್ರೂ ಮೊಲ ಬರೆದಿದ್ರಾ?"

"ಮೊಲನಾ?" ಸಂಪಾದಕರು ಹುಬ್ಬೇರಿಸಿದರು. "ಮಕ್ಕಳು ಮೊಲದ ಕತೆ ಬೇಕು ಅಂತ ಹಟ ಹಿಡಿದಿದ್ವು. ಕೈಮುಗಿದು ಕೇಳಿಕೊಂಡೆ. ಏನು ಬೇಕಾದ್ರೂ ಬರೀತೀನಿ, ಮೊಲ ಮಾತ್ರ ಆಗಲ್ಲ, ಅದು ನಂದಲ್ಲ ಅಂದ್ಬಿಟ್ರು. ಮೊಲ ಯಾರದ್ದಾದ್ರೇನು? ನನಗಂತೂ ಇವತ್ತಿಗೂ ತಲೆಬುಡ ತಿಳಿದಿಲ್ಲ."

ಅಷ್ಟರಲ್ಲಿ ಗಾಡಿ ಬಂತು.

*

ಮಣ್ಣು ಮಾಡಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ನಡುಮನೆಯನ್ನು ತೊಳೆಯುತ್ತಿದ್ದರಿಂದ ಉಳಿದ ನಾಲ್ವರೂ ಅಪ್ಪನ ಕೋಣೆಗೆ ಬಂದು ಕುಳಿತರು. ಅಮ್ಮ ಹೋದ ಮೇಲೆ ಆ ಹೊತ್ತಿನಲ್ಲಿ ಆ ಬಾಗಿಲು ದಾಟಿದ್ದು ಎಲ್ಲರಿಗೂ ಅದೇ ಮೊದಲು.

ಅಲ್ಲಿ ಮೇಜಿರಲಿಲ್ಲ. ಅಮ್ಮ ಕಾಯಿಲೆಯಲ್ಲಿ ಮಲಗಿದ್ದ ಮಂಚ ಇನ್ನೂ ಇತ್ತು; ಅಪ್ಪ ಅದರ ಮೇಲೆ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದ. ಮೂರು ಗೋಡೆಗಳ ಮೇಲೆ ಬೆರಳಿಡಲೂ ಜಾಗವಿಲ್ಲದಷ್ಟು ಚಿತ್ರಗಳು. ಕಿಟಕಿಯ ಎದುರಿನ, ಮಂಚಕ್ಕೆ ತಾಗಿದ ಗೋಡೆ ಮಾತ್ರ ಬೋಳು. ಅದಕ್ಕೆ ವರ್ಷವರ್ಷವೂ ಅಪ್ಪ ತಾನೇ ಸುಣ್ಣ ಬಳಿಯುತ್ತಿದ್ದ, ಒಂದು ಮೊಳೆ ಹೊಡೆಯಲೂ ಬಿಟ್ಟವನಲ್ಲ. ಮಗಳು ಮಂಚದ ತಲೆಯ ಕಡೆಯ ಬಿಳಿ ದೀಪ ಹಾಕಿದಳು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಎದುರಿನ ಔಷಧಿ ಅಂಗಡಿಯವನು.

"ಬೆಳಿಗ್ಗೆಯಿಂದ ಅಂಗಡಿ ಮುಚ್ಚಿದ್ದೆ ಅಕ್ಕ. ಈಗ ಜನ ಔಷಧಿಗೆ ಕಾಯ್ತಿದಾರೆ. ತೆರೀಲಾ?"

"ಅಯ್ಯೋ, ಅದಕ್ಕೂ ಕೇಳ್ಬೇಕಾ? ತೆರೀರಿ."

"ಅಲ್ಲ, ಬೋರ್ಡಿನ ದೀಪ ಸೀದಾ ಈ ಕಿಟಕಿಗೇ ಹೊಡೆಯತ್ತೆ. ದುಃಖದ ಮನೆ, ಕಣ್ಣಿಗೆ ಹಿಂಸೆ ಆಗಬಾರದಲ್ಲ. ನಮ್ಮಪ್ಪನ ಕಾಲದಲ್ಲೇ ಆ ಕೆಂಪು ತೆಗೆದು ಬೇರೆ ಹಾಕ್ಸೋಣ ಅಂತಿದ್ವಿ. ಇವರೇ ಬರಿಗಾಲಲ್ಲಿ ಓಡಿ ಬಂದು, ಕೆಂಪೇ ಇರ್ಲಿ ಅಂತ ಬೇಡಿಕೊಂಡಿದ್ರು. ಯಾಕೋ ಗೊತ್ತಿಲ್ಲ."

ಅವನು ಮೆಟ್ಟಿಲಿಳಿದು ಹೋದ. ಅಂಗಡಿಯ ಬಾಗಿಲು ಸದ್ದು ಮಾಡುತ್ತ ಮೇಲೇರಿತು. ಒಂದೆರಡು ಸಲ ಮಿಣುಕಿ ಬೋರ್ಡು ಹೊತ್ತಿಕೊಂಡಿತು. ಕಿಟಕಿಯಿಂದ ಕೆಂಪು ಬೆಳಕು ಒಳಗೆ ನುಗ್ಗಿ, ಬಿಳಿ ಗೋಡೆ ನಸುಗೆಂಪಾಯಿತು.

ಅದರ ಮೇಲೆ ಸಂಪಾದಕರ ಹೊಟ್ಟೆಯಿತ್ತು, ಕ್ಷೌರಿಕನ ಗಿಡ್ಡ ಕತ್ತು ಇತ್ತು, ಚಿಕ್ಕಮ್ಮನ ಸೆರಗಿತ್ತು. ಕೆಂಪು ಬೆಳಕಿಗೆ ಅಡ್ಡವಾದ ಎಲ್ಲರ ನೆರಳೂ ಹಸಿರು. ಎಲೆಯದಲ್ಲ, ಗಿಳಿಯದಲ್ಲ, ಪಾಚಿಯದಲ್ಲ. ಬಿಳಿ ದೀಪಕ್ಕೆ ಅಡ್ಡ ಬಂದಲ್ಲಿ ಇನ್ನೊಂದು ನೆರಳು, ಮಬ್ಬು ಕೆಂಪು.

ಸಂಪಾದಕರು ಎದ್ದರು, ಕೂತರು, ಮತ್ತೆ ಎದ್ದರು. ಎರಡೂ ನೆರಳುಗಳು ಅವರ ಜೊತೆ ಎದ್ದು ಕೂತವು.

"ಕಂಡಿದ್ದನ್ನೇ ಬರೆದಿದ್ರು," ಎಂದರು ಮೆಲ್ಲಗೆ. "ನಾನು ಜಗಳ ಆಡಿದ್ದೆ."

ಕ್ಷೌರಿಕ ತನ್ನದೇ ನೆರಳಿನ ಮೇಲೆ ಕೈಯಾಡಿಸಿ, ಬಣ್ಣ ಅಂಟಿತೇ ಎಂದು ಬೆರಳು ನೋಡಿಕೊಂಡ. ಚಿಕ್ಕಮ್ಮ ಮಾತ್ರ ಗೋಡೆಯತ್ತ ನೋಡಲಿಲ್ಲ. ಅವಳ ಕಣ್ಣು ಮಂಚದ ಮೇಲಿತ್ತು.

"ಅಕ್ಕ ಇಲ್ಲೇ ಮಲಗಿರ್ತಿದ್ಲು. ನೀನು ಅವಳ ಕಂಕುಳಲ್ಲಿ. ಎದ್ದು ಕೂರೋ ಶಕ್ತಿ ಇರ್ಲಿಲ್ಲ ಅವಳಿಗೆ. ಸಾಯಂಕಾಲ ಆದ್ರೆ ಕೈ ಒಂದನ್ನ ಎತ್ತಿ ಗೋಡೆಗೆ ಏನೇನೋ ಆಟ ತೋರಿಸೋಳು. ನೀನು ಕೇಕೆ ಹಾಕಿ ನಗೋದು ಅಡುಗೆಮನೆಗೆ ಕೇಳ್ತಿತ್ತು. ಭಾವ ಬಾಗಿಲಲ್ಲಿ ನಿಂತು ನೋಡ್ತಿದ್ರು."

ಮಗಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಬಲಗೈ ಎತ್ತಿ, ಎರಡು ಬೆರಳುಗಳನ್ನು ನೆಟ್ಟಗೆ ಮಾಡಿ, ಉಳಿದವನ್ನು ಮಡಚಿದಳು.

ಗೋಡೆಯ ಮೇಲೆ ಹಸಿರು ಮೊಲ ಎದ್ದು ಕುಳಿತಿತು. ಅವಳು ಒಂದು ಬೆರಳನ್ನು ಬಗ್ಗಿಸಿದಳು. ಮೊಲ ಕಿವಿ ಮಡಚಿ, ಮತ್ತೆ ಬಿಚ್ಚಿತು.