ಬಡತನದಲ್ಲಿ ಪಾಸಾದವರು

“ಹಲ್ಲು ಕಿಸೀಬೇಡ, ಬಾಯಿ ಮುಚ್ಕೊಂಡು ನಗು,” ಎಂದು ಶೋಭಾರಾಣಿ ಮೇಡಂ ಅಕ್ತರ್ ಬೀಯ ಗಲ್ಲ ಹಿಡಿದು ಮೇಲೆತ್ತಿದರು. “ಇವತ್ತಿಂದ ನೀನು ಬಡವಿ ಅಲ್ಲ. ಈ ದರಿದ್ರ ಮುಖ ಇಟ್ಕೊಂಡು ಸ್ಟೇಜ್ ಹತ್ತಿದ್ರೆ ನನ್ನ ಮಾನ ಹೋಗುತ್ತೆ. ಎಲ್ಲಿ, ಗೌನ್ ಹಾಕ್ಕೋ.”

“ಬುರ್ಖಾನೇ ಕರ್ರಗೈತಲ್ಲ ಮೇಡಂ. ಸಾಲ್ದಾ?”

ಸಾಲದಂತೆ. ಬುರ್ಖಾದ ಮೇಲೆ ಕರಿ ಗೌನು, ಅದರ ಮೇಲೆ ಚೌಕದ ಟೋಪಿ ಬಂದವು. ಹಿರಿಯೂರಿನ ಹೊರಗೆ, ಹೆದ್ದಾರಿ ಪಕ್ಕದ ತೆಂಗಿನನಾರಿನ ಶೆಡ್ಡಿನ ಮುಂದೆ ಶಾಮಿಯಾನ ಹಾಕಿದ್ದರು. ಶೆಡ್ಡಿನ ಹೆಂಗಸರೆಲ್ಲ ಇದೇ ವೇಷದಲ್ಲಿ ಬೆವರುತ್ತ ಕುಳಿತಿದ್ದರು. ಎರಡು ವರ್ಷ ಪರದೇಶದ ನೆರವು ಉಂಡವರನ್ನು ಬಡತನದಿಂದ ಪಾಸು ಮಾಡಿ ಕಳುಹಿಸುವ ಸಮಾರಂಭ ಅದು. ಆ ನೆರವನ್ನು ಇಲ್ಲಿ ನೋಡಿಕೊಳ್ಳುತ್ತಿದ್ದವರು ಶೋಭಾರಾಣಿ ಮೇಡಂ. ನೆರವು ಕೊಟ್ಟ ಸಂಸ್ಥೆಯ ಬಿಳಿ ಮೇಡಂ ಮುಂದಿನ ಸೋಫಾದಲ್ಲಿ ಎಳನೀರು ಕುಡಿಯುತ್ತಿದ್ದರು.

ಶೆಡ್ಡಿನಿಂದ ಹಮಾಲರು ತೆಂಗಿನ ಮಟ್ಟೆ ಬಡಿಯುವ ಯಂತ್ರವನ್ನು ನೆಲದಿಂದ ಬಿಚ್ಚಿ ಲಾರಿಗೆ ಏರಿಸುತ್ತಿದ್ದರು.

“ಅದ್ಯಾಕೆ ಒಯ್ತಾ ಅವ್ರೆ?” ಅಕ್ತರ್ ಬೀ ಕೇಳಿದಳು.

“ಹೊಸದುರ್ಗದ ಕಡೆ ಹೋಗುತ್ತೆ. ಅಲ್ಲಿ ಬಡವರಿದಾರೆ.”

“ಮತ್ತೆ ನಾವು?”

“ನೀವು ಪಾಸಾದ್ರಲ್ಲ.”

“ಆ ಮಿಶಿನ್ನಿಂದ್ಲೇ ಅಲ್ವಾ ಪಾಸಾಗಿದ್ದು?”

“ಬಡವರಲ್ಲದೋರಿಗೆ ಬಡವರ ಮಿಶಿನ್ ಯಾಕೆ? ಸುಮ್ನೆ ಕೂತ್ಕೋ.”

ಅಕ್ತರ್ ಬೀ ಕುಳಿತಳು. ಯಂತ್ರ ಬರುವ ಮುಂಚೆ ಕೊಡತಿಯಿಂದ ಮಟ್ಟೆ ಬಡಿದೂ ಬಡಿದೂ ಅವಳ ಬಲಗೈ ಮೇಲೇಳುತ್ತಿರಲಿಲ್ಲ. ತಲೆ ಬಾಚಲಿಕ್ಕೂ ಮಗಳು ನಾಜಿಮಾ ಬೇಕಿತ್ತು. ಈಗ ಕೈ ಮತ್ತೆ ಕೈಯಾಗಿತ್ತು, ನಾಜಿಮಾ ಕಾಲೇಜಿಗೆ ಹೋಗುತ್ತಿದ್ದಳು. ನಾಳೆಯಿಂದ ಮತ್ತೆ ಕೊಡತಿ. ತನ್ನ ಕೈ ಬಿದ್ದುಹೋದ ದಿನ ಅದು ನಾಜಿಮಾಳ ಕೈಗೆ.

ಮೈಕಿನಲ್ಲಿ ಹೆಸರು ಕರೆದರು. ಬಿಳಿ ಮೇಡಂ ಸರ್ಟಿಫಿಕೇಟ್ ಚಾಚಿದರು. ಅಕ್ತರ್ ಬೀ ಕೈ ನೀಡಲಿಲ್ಲ.

“ನನ್ನ ಫೇಲ್ ಮಾಡ್ರಿ ಮೇಡಂ.”

ಮೈಕು ಅದನ್ನು ಹೆದ್ದಾರಿಯವರೆಗೂ ಕೂಗಿತು.

“ಏನೇ ನಿಂದು?” ಶೋಭಾರಾಣಿ ಮೇಡಂ ಹಲ್ಲು ಕಡಿದರು. “ಫೇಲ್ ಆಗೋಕೆ ಅವಕಾಶಾನೇ ಇಲ್ಲ. ಎಲ್ರೂ ಪಾಸು ಅಂತ ಹೋದ ತಿಂಗಳೇ ವರದಿ ಕಳಿಸಾಗಿದೆ.”

“ಹಂಗಾದ್ರೆ ಆ ವರದೀನೇ ಬಂದು ಮಟ್ಟೆ ಬಡೀಲಿ.”

ಕೆಳಗೆ ನಾಗಕ್ಕ ಎದ್ದಳು. “ನನ್ನೂ ಫೇಲ್ ಮಾಡ್ರಿ. ಮುಂಡೇವು, ಬ್ಯಾಡ ಅಂದ್ರೂ ಪಾಸ್ ಮಾಡ್ತಾವೆ.” ಅವಳ ಹಿಂದೆ ಉಳಿದವರೂ ಎದ್ದರು.

ಇವರು ಏನನ್ನುತ್ತಿದ್ದಾರೆ ಎಂದು ಬಿಳಿ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ಇನ್ನೂ ಕಲಿಯುವ ಆಸೆಯಂತೆ ಎಂದು ಶೋಭಾರಾಣಿ ಮೇಡಂ ತರ್ಜುಮೆ ಮಾಡಿದರು. ಬಿಳಿ ಮೇಡಂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಅಕ್ತರ್ ಬೀ ಲಾರಿಯ ಬಳಿಗೆ ನಡೆದಿದ್ದಳು. ಗೌನು ಎತ್ತಿ ಕಟ್ಟಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಯಂತ್ರಕ್ಕೆ ಒರಗಿ ಕುಳಿತಳು. ಹೆಂಗಸರೆಲ್ಲ ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿದರು.

“ಇಳೀರಕ್ಕ,” ಎಂದ ಡ್ರೈವರ್ ಜುಂಜೇಶ್. “ಹೊತ್ತು ಮುಳುಗೋದ್ರೊಳಗೆ ಹೊಸದುರ್ಗ ಮುಟ್ಬೇಕು ನಾನು.”

“ಹೊಡಿಯಪ್ಪ ಗಾಡಿ. ಹೋಗಾಣ. ನಾವೂ ಅಲ್ಲೇ ಬಡವ್ರಾಗ್ತೀವಿ,” ಎಂದಳು ಅಕ್ತರ್ ಬೀ.

“ಎಳೀರೋ ಅವ್ರನ್ನ ಕೆಳಕ್ಕೆ,” ಎಂದು ಶೋಭಾರಾಣಿ ಮೇಡಂ ಕಿರುಚಿದರು. ಹಮಾಲರು ಕಾಲಿಗೆ ಕೈ ಹಾಕಿದಾಗ ಅಕ್ತರ್ ಬೀ ಬಲಗೈಯನ್ನು ಯಂತ್ರದ ಬಾಯೊಳಗೆ, ಕಬ್ಬಿಣದ ಹಲ್ಲುಗಳ ನಡುವೆ, ಭುಜದವರೆಗೂ ತೂರಿಸಿದಳು.

“ಈಗ ಎಳೀರಿ.”

ಹಮಾಲರು ಹಿಂದೆ ಸರಿದರು. ಕೆಳಗೆ ಬಿಳಿ ಮೇಡಂ ಫೋನು ಎತ್ತಿ ಹಿಡಿದು, ಪದವಿ ಪಡೆದವರ ಹಾಗೆ ಟೋಪಿಗಳನ್ನು ಮೇಲಕ್ಕೆ ಎಸೆಯಿರಿ ಎಂದು ನಗುತ್ತ ಸನ್ನೆ ಮಾಡುತ್ತಿದ್ದರು. ಯಾರೂ ಎಸೆಯಲಿಲ್ಲ.