ಬರೆಯದ ಹಾಳೆಗೆ ಸಹಿ

"ಇದರಲ್ಲಿ ಏನೂ ಬರೆದೇ ಇಲ್ಲವಲ್ಲ," ಎಂದರು ಬಿಷಪ್ ಹೆರಾಕ್ಲಿಯೊನ್, ಹಾಳೆಯನ್ನು ತಿರುಗಿಸಿ ನೋಡುತ್ತ.

"ತೀರ್ಮಾನ ಆಮೇಲೆ ಬರ್ಕೋತೀವಿ, ಸ್ವಾಮಿ. ತಾವು ಹೆಸರು ಹಾಕಿದ್ರೆ ಸಾಕು," ಎಂದ ಗುಮಾಸ್ತ. ಅವನ ಹಿಂದೆ ದೊಣ್ಣೆ ಹಿಡಿದ ಇಬ್ಬರು ಸಿಪಾಯಿಗಳಿದ್ದರು.

ಎಫೆಸಸ್ಸಿನ ಆ ದೊಡ್ಡ ಚರ್ಚಿನ ಬಾಗಿಲುಗಳನ್ನು ಬೆಳಿಗ್ಗೆಯೇ ಹೊರಗಿನಿಂದ ಹಾಕಿಬಿಟ್ಟಿದ್ದರು. ಕ್ರಿಸ್ತನಲ್ಲಿ ದೇವರ ಸ್ವಭಾವ, ಮನುಷ್ಯನ ಸ್ವಭಾವ ಎಂದು ಎರಡಿವೆಯೋ, ಅಥವಾ ಬೆರೆತು ಒಂದೇ ಆಗಿದೆಯೋ ಎಂದು ತೀರ್ಮಾನಿಸಲು ಚಕ್ರವರ್ತಿ ಊರೂರಿನ ಬಿಷಪ್ಪರನ್ನು ಕರೆಸಿದ್ದ. ಎರಡು ಎಂದವರ ಬಾಯಿ ಮಧ್ಯಾಹ್ನದೊಳಗೆ ಮುಚ್ಚಿಸಿ ಆಗಿತ್ತು. ಪಂಡಿತರಿಗೆ ವರ್ಷಗಟ್ಟಲೆ ಬಗೆಹರಿಯದ ವಿಷಯ ದೊಣ್ಣೆಗಳಿಗೆ ಬಲುಬೇಗ ಅರ್ಥವಾಗಿತ್ತು. ಬಯಲಿಗೆ ಹೋಗಿಬರಲೂ ಬಿಡದೆ ಮುದುಕರನ್ನೆಲ್ಲ ಬೆಂಚುಗಳಲ್ಲಿ ಕೂರಿಸಿದ್ದರು. ಒಳಗೆ ಸೆಖೆ, ಬೆವರಿನ ವಾಸನೆ.

ಎರಡು ಎಂದವರಲ್ಲಿ ಪಕ್ಕದ ಊರಿನ ಬಿಷಪ್ ಸಬಿನೊಸ್ ಒಬ್ಬರು. ಹೆರಾಕ್ಲಿಯೊನರ ತಲೆಯ ಮೇಲೆ ಕೈಯಿಟ್ಟು ಪಟ್ಟಕ್ಕೆ ಏರಿಸಿದವರು. ಈ ಹಾಳೆಗಳಲ್ಲಿ ಒಂದೇ ಎಂಬ ತೀರ್ಮಾನ ತುಂಬಿದರೆ ಅವರ ಪಟ್ಟ ಹೋಗುತ್ತದೆ, ಗಡಿಪಾರೂ ತಪ್ಪಿದ್ದಲ್ಲ. ಅದೂ ಅಲ್ಲದೆ, ಕ್ರಿಸ್ತನೂ ನಮ್ಮ ಹಾಗೆಯೇ ಹಸಿದವನು, ಅತ್ತವನು ಎಂದು ಇಷ್ಟು ಕಾಲ ಊರಿನ ಹೆಂಗಸರಿಗೆ ಹೇಳಿಕೊಂಡು ಬಂದಿದ್ದನ್ನು ಈಗ ಸುಳ್ಳು ಎನ್ನುವುದು ಹೇಗೆ? ಹೆರಾಕ್ಲಿಯೊನ್ ಹಾಳೆಯನ್ನು ಮೇಜಿನ ಮೇಲಿಟ್ಟು ಬಲಗೈಯನ್ನು ಜೋಲುಬಿಟ್ಟರು.

"ನನ್ನ ಕೈಗೆ ಸ್ವಾಧೀನ ಇಲ್ಲ ಕಣಪ್ಪ. ಬರೆಯೋಕೆ ಆಗಲ್ಲ," ಎಂದರು.

ಬರೆಯಲಾಗದ ಬಿಷಪ್ಪರ ಪರವಾಗಿ ಅವರ ಕೈಕೆಳಗಿನ ಡೀಕನ್, ಅಂದರೆ ಕಿರಿಯ ಪಾದ್ರಿ, ಹೆಸರು ಹಾಕುವುದು ರೂಢಿ. ಅವರ ಡೀಕನ್ ಟ್ರೋಫಿಮೊಸ್ ಬಾಗಿಲಿನಾಚೆ ಉಳಿದಿದ್ದ. ಬಾಗಿಲು ತೆರೆಯುವಂತಿಲ್ಲ. ಬಚಾವಾದೆ ಎಂದುಕೊಂಡರು.

"ಅದಕ್ಯಾಕೆ ಯೋಚನೆ? ನಿಮ್ಮೋರನ್ನೇ ಕರೆಸೋಣ," ಎಂದ ಗುಮಾಸ್ತ.

ಯಾರಿಗೂ ತೆರೆಯದ ಬಾಗಿಲು ಟ್ರೋಫಿಮೊಸನಿಗೆ ತೆರೆಯಿತು. ಮೂವತ್ತು ದಾಟಿದ ಗಂಡಸು, ಮಾತು ಕಡಿಮೆ, ಹಠ ಜಾಸ್ತಿ. ಸಿಪಾಯಿಗಳು ಕುತ್ತಿಗೆ ಹಿಡಿದು ತಂದು ಮೇಜಿನ ಮುಂದೆ ನಿಲ್ಲಿಸಿದರು. ಅವನು ಹಾಳೆ ನೋಡಿದ.

"ಏನು ಬರ್ಕೋತಾರೆ ಅಂತ ಗೊತ್ತಿಲ್ಲದೆ ಅಯ್ಯನವರ ಹೆಸರು ನಾನು ಹಾಕಲ್ಲ."

"ಅವರೇ ಹಾಕು ಅಂತಿದಾರಪ್ಪ."

"ಹೌದಾ ಅಯ್ಯಾ?"

ಹೆರಾಕ್ಲಿಯೊನ್ ಜೋಲುಬಿಟ್ಟ ಕೈಯನ್ನೇ ನೋಡಿಕೊಂಡರು. ಇಲ್ಲ ಎಂದರೆ ತಮ್ಮ ನಾಟಕ ಬಯಲಾಗುತ್ತಿತ್ತು. ಹೌದು ಎನ್ನಲು ನಾಲಿಗೆ ಏಳಲಿಲ್ಲ. ದೊಣ್ಣೆ ಟ್ರೋಫಿಮೊಸನ ಬೆನ್ನಿಗೆ ಬಿತ್ತು. ಅವನು ಮೇಜು ಹಿಡಿದುಕೊಂಡ.

"ಬೆರಳಿಗೆ ಹೊಡೀಬೇಡವೋ, ಆಮೇಲೆ ಇವನಿಗೂ ಸ್ವಾಧೀನ ಹೋದೀತು," ಎಂದು ಇನ್ನೊಬ್ಬ ಸಿಪಾಯಿ ನಕ್ಕ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು. ರಕ್ತ ಇಳಿಯಿತು.

"ಸಾಕು. ಕೊಡಿ ಇಲ್ಲಿ," ಎಂದರು ಹೆರಾಕ್ಲಿಯೊನ್.

"ಬೇಡ ಅಯ್ಯಾ. ನಂಗೇನೂ ಆಗಿಲ್ಲ."

"ನೀನು ಸುಮ್ಮನಿರೋ."

ಲೇಖನಿ ತೆಗೆದುಕೊಂಡರು. ತೀರ್ಮಾನ ಮೇಲೆ, ಹೆಸರುಗಳು ಅದರ ಕೆಳಗೆ, ಅದು ಕ್ರಮ. ಹೆರಾಕ್ಲಿಯೊನ್ ಹಾಳೆಯ ನೆತ್ತಿಗೇ, ತುದಿಯಂಚಿಗೆ ತಾಗುವಂತೆ ತಮ್ಮ ಹೆಸರು ಬರೆದರು. ಅದರ ಮೇಲೆ ಒಂದಕ್ಷರಕ್ಕೂ ಜಾಗವಿರಲಿಲ್ಲ. ನನ್ನ ತಲೆಯ ಮೇಲೆ ಏನು ಹೇರುತ್ತೀರೋ ಹೇರಿ ನೋಡೋಣ ಎಂದು ಒಳಗೊಳಗೇ ಖುಷಿಯೂ ಆಯಿತು. ಟ್ರೋಫಿಮೊಸನೂ ಅದನ್ನು ಕಂಡ. ರಕ್ತ ಒರೆಸಿಕೊಳ್ಳುತ್ತ ಮುಖ ಸ್ವಲ್ಪ ಸಡಿಲ ಮಾಡಿದ.

ಗುಮಾಸ್ತನಿಗೆ ಸಿಟ್ಟೇನೂ ಬರಲಿಲ್ಲ.

"ಬೆಳಗ್ಗಿಂದ ತುಂಬ ಜನ ಹೀಗೇ ಮಾಡಿದ್ರು, ಸ್ವಾಮಿ," ಎನ್ನುತ್ತ ಮೇಜಿನ ಕೆಳಗಿನಿಂದ ಗೋಧಿ ಅಂಟಿನ ಬಟ್ಟಲು ತೆಗೆದ. ಹಾಳೆಗೆ ಹಾಳೆ ಅಂಟಿಸಿ ಸುರುಳಿ ಮಾಡುವುದು ಅವನ ದಿನದ ಕೆಲಸ. ಹೆಸರಿನ ಮೇಲಂಚಿಗೆ ತೆಳ್ಳಗೆ ಅಂಟು ಸವರಿ, ಹೊಸದೊಂದು ಖಾಲಿ ಹಾಳೆ ಸೇರಿಸಿ, ಹೆಬ್ಬೆರಳಿನಿಂದ ಒತ್ತಿದ. ಎಲ್ಲಿ ಅಂಟಿಸಿದ್ದು ಎಂಬುದೇ ಕಾಣದಷ್ಟು ಅಚ್ಚುಕಟ್ಟಾಗಿತ್ತು.

"ಒಣಗೋವರೆಗೂ ಸ್ವಲ್ಪ ಹೀಗೇ ಹಿಡ್ಕೊಂಡಿರಿ, ಬಿಟ್ರೆ ಸುಕ್ಕಾಗುತ್ತೆ," ಎಂದು ಅದನ್ನು ಹೆರಾಕ್ಲಿಯೊನರ ಕೈಗೆ ಕೊಟ್ಟು, ಮುಂದಿನ ಬೆಂಚಿನವರನ್ನು ಕರೆದ.

ಹೆರಾಕ್ಲಿಯೊನ್ ಹಾಳೆಯನ್ನು ಎರಡೂ ಕಡೆ ಹಿಡಿದುಕೊಂಡು ನಿಂತರು.